ಎಡಕ್ಕೆ ಬಾಲವಿರುವ ಗುರುತು

ಬಾಲ ಎಡಕ್ಕಿದೆ, ಟಿಕ್ ಗುರುತಿನ ಬಾಲ, ಎಲ್ಲರೂ ಚಿಕ್ಕದಾಗಿ ಇಳಿಸಿ ಬಲಕ್ಕೆ ಉದ್ದ ಎಳೆದು ಬಿಡುತ್ತಾರಲ್ಲ, ಇದು ಎಡಕ್ಕೆ ಏರಿದೆ, ಕನ್ನಡಿಯಲ್ಲಿ ಕಂಡ ಹಾಗೆ, ಒಂದಲ್ಲ, ಸಾಲಿಗೆ ಸಾಲು, ಹೌದು ಎಂಬ ಕಾಲಮಿನಲ್ಲೂ ಇಲ್ಲ ಎಂಬ ಕಾಲಮಿನಲ್ಲೂ ಎಲ್ಲವೂ ಎಡಕ್ಕೇ, ಪೆನ್ಸಿಲ್ಲಿನದು, ಇಪ್ಪತ್ತಾರು ವರ್ಷಕ್ಕೆ ಮಾಸಿದೆ ಆದರೆ ಅಳಿಸಿಲ್ಲ — ಮೇಜಿನ ಆಚೆ ಕೂತ ವೃತ್ತಿ ಸಲಹೆಗಾರ್ತಿ, ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವಳು, ಮಾತಾಡುತ್ತಲೇ ಇದ್ದಾಳೆ, ನೋಡಿ ಮೇಡಂ, ಇದು ನೀವು ಹದಿನಾರನೇ ವಯಸ್ಸಲ್ಲಿ ಶಾಲೇಲಿ ತುಂಬಿದ ಆಸಕ್ತಿ ಪತ್ರಿಕೆ, ನೀವೇ ತಂದ್ಕೊಟ್ರಲ್ಲ ಹಳೇ ನೀಲಿ ಫೈಲು, ಅದರಲ್ಲಿ ಫಲಿತಾಂಶದ ಹಾಳೆ ಹಿಂದೆ ಪಿನ್ ಹೊಡೆದಿತ್ತು, ಇದು ಹೋದ ವಾರ ನನ್ನೆದುರು ಕೂತು ತುಂಬಿದ್ದು, ಅದೇ ನೂರಿಪ್ಪತ್ತು ಪ್ರಶ್ನೆ, ಮೊದಲನೇ ಪುಟ ನೋಡಿ, ಹೆಚ್ಚುಕಮ್ಮಿ ಒಂದೇ ಥರ ಉತ್ತರ, ಎರಡನೇ ಪುಟದಿಂದ ಬೇರೆ ಯಾರೋ ಕೂತು ಬರೆದ ಹಾಗಿದೆ, ಇರ್ಲಿ ಬಿಡಿ, ಇಪ್ಪತ್ತಾರು ವರ್ಷ ಅಂದ್ರೆ ಸುಮ್ನೇನಾ, ಜನ ಬದಲಾಗ್ತಾರೆ, ಆದ್ರೆ ಕೊನೇ ಪ್ರಶ್ನೆ ನೋಡಿ ನಗು ಬಂತು ನಂಗೆ, ನೀವು ಮುಂದೆ ಏನಾಗಲು ಬಯಸುತ್ತೀರಿ ಅನ್ನೋದಕ್ಕೆ ಏನು ಬರೆದಿದ್ದೀರಿ ನೋಡಿ, ಅನ್ವಯಿಸುವುದಿಲ್ಲ, ಹದಿನಾರಕ್ಕೇ ಎಂಥ ತರಲೆ ನೀವು — ನಗುತ್ತಿದ್ದಾಳೆ, ನಾನೂ ನಗಬೇಕು, ತುಟಿ ಏಳುತ್ತಿಲ್ಲ, ಅನ್ವಯಿಸುವುದಿಲ್ಲ, ಗುಂಡಗಿನ ಅಕ್ಷರ, ಕೊನೆಯ ಒತ್ತು ಗೆರೆಯಿಂದ ಕೆಳಗಿಳಿದು ಸುತ್ತಿಕೊಂಡಿದೆ, ಈ ಅಕ್ಷರವನ್ನು ಅಂಗಡಿ ಸಾಮಾನಿನ ಚೀಟಿಯ ಮೇಲೆ, ಅಮ್ಮನ ಔಷಧಿ ಡಬ್ಬಿಯ ಮೇಲೆ, ನನ್ನ ಶಾಲಾ ಪುಸ್ತಕಗಳ ಹೊದಿಕೆಯ ಮೇಲೆ ನೋಡಿ ನೋಡಿ ಬೆಳೆದವಳು ನಾನು, ನಾನು ಬಲಗೈಯವಳು, ಅಮ್ಮನೂ ಬಲಗೈಯವಳಾಗಿದ್ದಳು, ನಮ್ಮ ಮನೆಯಲ್ಲಿ ಬರೆಯುವುದಕ್ಕೂ ತರಕಾರಿ ಹೆಚ್ಚುವುದಕ್ಕೂ ತಲೆ ಬಾಚುವುದಕ್ಕೂ ಎಡಗೈ ಎತ್ತುವವನು ಒಬ್ಬನೇ. ಇದನ್ನು ತುಂಬಿದ್ದು ನಾನಲ್ಲ. ಅಪ್ಪ.

ನೀರು ಕುಡೀತೀರಾ ಮೇಡಂ — ಕುಡಿದೆನೋ ಬಿಟ್ಟೆನೋ, ಲೋಟ ಬರಿದಾಗಿದೆ ಅಂದರೆ ಕುಡಿದಿರಬೇಕು, ತಲೆಯ ಮೇಲೆ ಫ್ಯಾನು ಟಕ್ ಟಕ್ ಅನ್ನುತ್ತಿದೆ, ಬೇರಿಂಗ್ ಸವೆದಿದೆ, ಇನ್ನು ಎರಡು ತಿಂಗಳಲ್ಲಿ ಇದು ನಮ್ಮ ಅಂಗಡಿಗೇ ಬರುತ್ತದೆ, ಥೂ, ಈಗಲೂ ಅದೇ ಯೋಚನೆ, ಫ್ಯಾನಿನ ಬೇರಿಂಗು, ನಾನು ಯಂತ್ರದವಳು, ಯಂತ್ರದವಳು ಅಂತ ಈ ಕಾಗದವೇ ಹೇಳಿತ್ತಲ್ಲ, ಫಲಿತಾಂಶದ ಹಾಳೆ ನನಗೆ ಬಾಯಿಪಾಠ, ಅದರ ಹಿಂದಿನದನ್ನು ಒಂದು ದಿನವೂ ಮಗುಚಿ ನೋಡಿದವಳಲ್ಲ, ಯಂತ್ರ ಮತ್ತು ಸೂಕ್ಷ್ಮ ಕೈಕೆಲಸ — ಅತ್ಯುತ್ತಮ, ಬೋಧನೆ ಮತ್ತು ಜನಸಂಪರ್ಕ — ಸಾಧಾರಣ, ಸಾಧಾರಣ ಎಂಬ ಆ ಒಂದು ಮಾತನ್ನು ಎಷ್ಟು ವರ್ಷ ಸೆರಗಿಗೆ ಕಟ್ಟಿಕೊಂಡು ಓಡಾಡಿದ್ದೇನೆ, ಯಾರಾದರೂ ನೀನು ಚೆನ್ನಾಗಿ ಹೇಳ್ತೀಯಮ್ಮ ಅಂದರೆ ಒಳಗೇ ಅಂದುಕೊಳ್ಳುವುದು, ಇಲ್ಲ, ನಾನು ಸಾಧಾರಣ, ಪರೀಕ್ಷೆ ಮಾಡಿ ನೋಡಿದ್ದಾರೆ. ಆ ಕಾಗದ ಹೇಳಿತೆಂದು ತರಬೇತಿ ಸಂಸ್ಥೆಯಲ್ಲಿ ಮೋಟಾರ್ ವೈಂಡಿಂಗ್ ಕಲಿತೆ, ಅದು ಹೇಳಿತೆಂದು ಇಪ್ಪತ್ತಮೂರು ವರ್ಷದಿಂದ ಒಂದೇ ಅಂಗಡಿಯ ಒಂದೇ ಸ್ಟೂಲಿನ ಮೇಲೆ ಕೂತು ಸುಟ್ಟ ಮೋಟಾರಿನ ಹೊಟ್ಟೆಯಿಂದ ಕರಿ ಹಿಡಿದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುತ್ತಿದ್ದೇನೆ, ಗಿರಾಕಿಗಳು ಸುರುಳಿ ಅಕ್ಕ ಅಂತ ಕರೆಯುತ್ತಾರೆ, ಯಜಮಾನರು ಬೆರಳು ಅಂದ್ರೆ ಇವಳದು ಅಂತ ಹೋದಲ್ಲಿ ಬಂದಲ್ಲಿ ಹೇಳುತ್ತಾರೆ, ಈಗ ಅವರ ಕಣ್ಣು ಮಂಜಾಗಿದೆ, ಸುರುಳಿ ಕಟ್ಟುವ ದಾರ ಕಾಣುವುದಿಲ್ಲ, ನೋಡಮ್ಮ, ಅಂಗಡಿ ನಿನ್ನ ಹೆಸರಿಗೆ ಮಾಡ್ಕೋ, ಹತ್ತು ವರ್ಷದ ಕರಾರು, ನಡುವೆ ಬಿಟ್ಟು ಹೋಗೋ ಹಾಗಿಲ್ಲ, ಆಗಲ್ಲ ಅಂದ್ರೆ ಪಕ್ಕದ ಪಂಪ್ ಅಂಗಡಿಯವನು ಕಾಯ್ತಿದ್ದಾನೆ, ಶುಕ್ರವಾರ ಐದು ಗಂಟೆಗೆ ಫೋನ್ ಮಾಡ್ತೀನಿ, ಒಂದೇ ಮಾತು ಹೇಳು. ಇವತ್ತೇ ಶುಕ್ರವಾರ. ನಾನು ಹೌದು ಅನ್ನುವವಳೇ ಇದ್ದೆ, ಮುಕ್ಕಾಲು ಪಾಲು ಅಂದುಬಿಟ್ಟಿದ್ದೆ, ಕಾಗದದಲ್ಲಿ ಬರೆದಿರುವುದೂ ಅದೇ ಅಂತ.

ಆದರೆ ನಾನೇ ತುಂಬಿದ ನೆನಪಿದೆಯಲ್ಲ! ಎಷ್ಟು ಜನಕ್ಕೆ ಹೇಳಿದ್ದೇನೆ, ಜ್ವರ ಕಣ್ರೀ, ಮೈಯೆಲ್ಲ ಕೆಂಡ, ಆದ್ರೂ ಮಲಗಿದಲ್ಲೇ ನೂರಿಪ್ಪತ್ತಕ್ಕೂ ಟಿಕ್ ಹಾಕಿದೆ, ಅಂಥಾ ಜ್ವರದಲ್ಲೂ ಮೆಷಿನ್ನೇ ಬಂತು ನೋಡಿ, ಹಣೇಲಿ ಬರೆದಿದ್ರೆ ಹಾಗೆ — ಆ ಪೆನ್ಸಿಲ್ ನೆನಪಿದೆ, ರಟ್ಟಿನ ಹಲಗೆ ನೆನಪಿದೆ, ಪೆನ್ಸಿಲ್ ಕಾಗದದ ಮೇಲೆ ಸರ್ರ್ ಸರ್ರ್ ಅನ್ನುವುದು ಕಿವಿಯಲ್ಲಿದೆ, ಕಿವಿಯಲ್ಲಿದೆ, ತಡಿ, ಕಿವಿಯಲ್ಲಿದೆ ಸರಿ, ಕೈಯಲ್ಲಿದೆಯಾ, ಬೆರಳು ಏನನ್ನೂ ಮರೆಯುವುದಿಲ್ಲ, ಇಪ್ಪತ್ತು ವರ್ಷದ ಹಿಂದೆ ಸುತ್ತಿದ ಆಸ್ಪತ್ರೆಯ ಲಿಫ್ಟಿನ ಮೋಟಾರು ಈಗಲೂ ನನ್ನ ಹೆಬ್ಬೆರಳಿಗೆ ನೆನಪಿದೆ, ಈ ಪೆನ್ಸಿಲ್ ಇಲ್ಲ, ಬೆರಳಲ್ಲಿ ಇಲ್ಲ, ಒದ್ದೆ ಬಟ್ಟೆ ಹಣೆಯ ಮೇಲಿದೆ, ಕಣ್ಣು ಮುಚ್ಚಿದೆ, ಮಂಚದ ಅಂಚು ಕುಸಿದಿದೆ ಯಾರೋ ಕೂತಿರುವ ಭಾರಕ್ಕೆ, ಆ ಸರ್ರ್ ಸರ್ರ್ ನನ್ನ ಎಡಗಿವಿಯ ಪಕ್ಕದಿಂದ ಬರುತ್ತಿದೆ, ನಾನು ಕೇಳಿಸಿಕೊಳ್ಳುತ್ತ ಮಲಗಿದ್ದೇನೆ ಅಷ್ಟೆ. ಕೇಳಿಸಿಕೊಂಡದ್ದನ್ನು ಮಾಡಿದ್ದು ಅಂತ ಜಮಾ ಮಾಡಿಕೊಂಡಿದ್ದೇನೆ, ಇಪ್ಪತ್ತಾರು ವರ್ಷ, ಅಯ್ಯೋ ದೇವರೇ. ಈ ಹಾಳೆಗಳನ್ನು ಮನೆಗೆ ಒಯ್ಯಬಹುದಾ ಅಂತ ಕೇಳಿದೆ, ನಿಮ್ಮದೇ ಅಲ್ವಾ ಮೇಡಂ ಅಂದಳು ಸಲಹೆಗಾರ್ತಿ. ನನ್ನದೇ ಅಂತೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು, ಫೈಲು ಮಡಿಲಲ್ಲಿ, ಬಿಸಿಲು ಮೊಣಕಾಲಿನ ಮೇಲೆ, ಮುಂದಿನ ಸೀಟಿನವಳು ಫೋನಿನಲ್ಲಿ ಯಾರಿಗೋ ಜೋರು ಜೋರಾಗಿ ದಾರಿ ಹೇಳುತ್ತಿದ್ದಾಳೆ, ಎಡಕ್ಕೆ ತಿರುಗಿ, ಎಡಕ್ಕೆ, ಸುಮ್ಮನಿರಬಾರದಾ ಈಕೆ, ಒಂದು ಮೋಟಾರಿನಲ್ಲಿ ಎಲ್ಲ ಸುರುಳಿಯೂ ಸರಿಯಿದ್ದು ಒಂದರ ತುದಿ ಉಲ್ಟಾ ಜೋಡಿಸಿಬಿಟ್ಟರೆ ಅದು ಓಡುವುದಿಲ್ಲ, ಹೂಂ ಅಂತ ಗುಡುಗುತ್ತದೆ, ಮೈ ಬಿಸಿ ಮಾಡಿಕೊಳ್ಳುತ್ತದೆ, ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿ, ಹೊಸ ತಾಮ್ರ ಥಳಥಳ, ನನ್ನ ಹಾಗೆ — ನಾನು ಓಡಿಲ್ಲವಾ, ಓಡಿದ್ದೇನೆ, ಸುಳ್ಳು ಹೇಳಬಾರದು, ಇಪ್ಪತ್ತಮೂರು ವರ್ಷ ಚೆನ್ನಾಗಿಯೇ ಓಡಿದ್ದೇನೆ, ಬೇಜಾರು ಅಂತ ಒಂದು ದಿನ ರಜೆ ಹಾಕಿದವಳಲ್ಲ, ಬೇಜಾರಾಗುತ್ತಿದೆಯಾ ಅಂತ ಕೇಳಿಕೊಳ್ಳಲೂ ಇಲ್ಲ, ಪರೀಕ್ಷೆ ಮಾಡಿ ಹೇಳಿದ ಮೇಲೆ ಮತ್ತೆ ಕೇಳಿಕೊಳ್ಳುವುದೇನು. ಯಜಮಾನರು ಕಲಿಸಿದ ಮೊದಲ ಪಾಠ, ಹಳೇ ಸುತ್ತು ಎಣಿಸದೆ ತಂತಿ ಕತ್ತರಿಸಬೇಡ, ಒಮ್ಮೆ ಕತ್ತರಿಸಿದ್ರೆ ಒಳಗೆ ಏನಿತ್ತು ಅಂತ ದೇವರಿಗೂ ಗೊತ್ತಾಗಲ್ಲ. ನನ್ನ ಹಳೇ ಸುತ್ತು ಯಾರು ಎಣಿಸಿದರು, ಯಾರೂ ಎಣಿಸಲಿಲ್ಲ, ಕತ್ತರಿಸಿ ಅಪ್ಪನ ಸುತ್ತನ್ನು ಹಾಕಿಬಿಟ್ಟರು, ಬಸ್ಸು ಬ್ರೇಕ್ ಹಾಕಿತು, ಫೈಲು ಜಾರಿತು, ಹಿಡಿದುಕೊಂಡೆ.

ಈ ಸಲಹೆಗಾರ್ತಿಯ ಹತ್ತಿರ ಹೋದದ್ದೇ ತಪ್ಪಾಯಿತೇನೋ, ಹೋಗದಿದ್ದರೆ ಇವತ್ತು ಐದಕ್ಕೆ ಹೌದು ಅಂದು ನೆಮ್ಮದಿಯಾಗಿ ಚಹಾ ಕುಡಿಯುತ್ತಿದ್ದೆ, ನಲವತ್ತೆರಡನೇ ವಯಸ್ಸಿನಲ್ಲಿ ನನಗೇನು ಇಷ್ಟ ಅಂತ ಹುಡುಕಿಕೊಂಡು ಹೊರಟವಳು ಊರಿಗೆಲ್ಲ ನಾನೊಬ್ಬಳೇ ಇರಬೇಕು, ಆಕೆ ಹೇಳಿದ್ದಳು, ಅಂಗಡಿ ತಗೊಳ್ಳೋ ಮುಂಚೆ ಮೂರು ಬೇರೆ ಕೆಲಸ ಬರೀರಿ, ಒಂದೊಂದ್ರಲ್ಲಿ ಒಂದೊಂದು ದಿನ ಕೂತು ನೋಡಿ, ಇಷ್ಟ ಆಗ್ದಿದ್ರೆ ಹೊಡೆದು ಹಾಕಿ, ಅದೂ ಒಂದು ಲೆಕ್ಕವೇ. ಬರೆದೆ. ಸಸಿ ಬೆಳೆಸುವ ತೋಟಕ್ಕೆ ಹೋದೆ, ಅರ್ಧ ಗಂಟೆಯಲ್ಲಿ ಕುಂಡಗಳನ್ನೆಲ್ಲ ಅಳತೆ ಪ್ರಕಾರ ಸಾಲು ಜೋಡಿಸಿಬಿಟ್ಟೆ, ತೋಟದವನು ಸೊಂಟದ ಮೇಲೆ ಕೈಯಿಟ್ಟು, ಏನಕ್ಕಾ, ಗಿಡಕ್ಕೂ ಕನೆಕ್ಷನ್ ಕೊಡ್ತೀರಾ, ನೆರಳಿಂದು ನೆರಳಲ್ಲಿರ್ಲಿ ಬಿಡಿ ಅಂದ, ಹೊಡೆದು ಹಾಕಿದೆ. ಕಿವಿ ಕೇಳಿಸದವರ ಯಂತ್ರ ಮಾರುವ ಅಂಗಡಿಯಲ್ಲಿ ಒಂದು ದಿನ, ಅಲ್ಲಿ ಬಂದವರ ಹತ್ತಿರ ಕಿರುಚಿ ಕಿರುಚಿ ಸಂಜೆಗೆ ನನ್ನ ಕಿವಿಯೇ ಮಂದವಾಯಿತು, ಅದನ್ನೂ ಹೊಡೆದು ಹಾಕಿದೆ. ಮೂರನೆಯದು ನಾನು ಕಲಿತ ತರಬೇತಿ ಸಂಸ್ಥೆ, ವೈಂಡಿಂಗ್ ಕಲಿಸುವವರು ಬಿಟ್ಟು ಹೋಗಿದ್ದರು, ಪ್ರಾಂಶುಪಾಲರು ಒಂದು ದಿನ ತರಗತಿ ತಗೊಳ್ಳಿ, ನೋಡೋಣ, ನೀವೂ ನೋಡಿ ಅಂದರು, ಸುಮ್ಮನೆ ಪಟ್ಟಿ ತುಂಬಲಿ ಅಂತ ಬರೆದದ್ದು ಅದು, ಸಾಧಾರಣ ಅಂತ ಗೊತ್ತಿದ್ದೂ ಬರೆದದ್ದು. ಇಪ್ಪತ್ತೆರಡು ಜನ, ಚೀಲದಿಂದ ಸುಟ್ಟ ಸುರುಳಿಯೊಂದನ್ನು ತೆಗೆದು ಮೊದಲ ಬೆಂಚಿಗೆ ಕೊಟ್ಟೆ, ಮೂಸಿ ನೋಡಿ, ಮುಂದಕ್ಕೆ ಕೊಡಿ ಅಂದೆ, ಹಿಂದಿನ ಬೆಂಚಿನಲ್ಲಿ ನಗು, ಒಬ್ಬಳು ಮೂಗು ಮುಚ್ಚಿಕೊಂಡಳು, ಈ ವಾಸನೆ ನೆನಪಿಟ್ಟುಕೊಳ್ಳಿ, ಮೋಟಾರ್ ಸಾಯೋ ಮುಂಚೆ ಕೂಗೋದು ಹೀಗೆ, ಕಣ್ಣಿಗೆ ಕಾಣೋಕೆ ಮುಂಚೆ ಮೂಗಿಗೆ ಗೊತ್ತಾಗತ್ತೆ ಅಂದೆ, ಆಮೇಲೆ ನಾನು ಏನೇನು ಹೇಳಿದೆನೋ, ಕೈ ಹೇಗೆ ಆಡಿತೋ, ಯಾರೋ ಕೇಳಿದರು, ಹೇಳಿದೆ, ಇನ್ಯಾರೋ ಕೇಳಿದರು, ಗಂಟೆ ಹೊಡೆದದ್ದು ನನಗೆ ಕೇಳಿಸಲಿಲ್ಲ, ಅವರಿಗೂ ಕೇಳಿಸಲಿಲ್ಲ, ಯಾರೂ ಏಳಲಿಲ್ಲ. ಬಸ್ ನಿಲ್ದಾಣದಲ್ಲಿ ನನ್ನ ಬಸ್ಸು ಎದುರಿಗೇ ಬಂದು ಹೋಯಿತು, ಹತ್ತಲಿಲ್ಲ, ದಣಿವು ಅಂದುಕೊಂಡೆ. ಅದು ಸಂತೋಷ. ಈಗ ಹೇಳಬಲ್ಲೆ, ಬಾಯಿ ಬಿಟ್ಟು ಹೇಳಬಲ್ಲೆ, ಅಷ್ಟು ಸಂತೋಷ ನನಗೆ ಯಾವ ಮೋಟಾರು ತಿರುಗಿದಾಗಲೂ ಆಗಿರಲಿಲ್ಲ. ಪ್ರಾಂಶುಪಾಲರು ಕೆಲಸ ನಿಮ್ಮದೇ, ವರ್ಷ ವರ್ಷ ಮುಂದುವರಿಸ್ತೀವಿ, ಸೋಮವಾರದೊಳಗೆ ಹೇಳಿ ಅಂದಿದ್ದಾರೆ, ಅಂಗಡಿಯ ಹೊತ್ತೂ ತರಗತಿಯ ಹೊತ್ತೂ ಒಂದೇ, ಎರಡೂ ಆಗುವುದಿಲ್ಲ. ಅವತ್ತು ಮನೆಗೆ ಬಂದು ಅಪ್ಪನಿಗೆ ಉಸಿರು ಕಟ್ಟಿ ಹೇಳಿದೆ, ಇಪ್ಪತ್ತೆರಡು ಜನ ಅಪ್ಪಾ, ಒಬ್ಬರೂ ಏಳಲಿಲ್ಲ, ಅಪ್ಪ ಕೇಳಿದ್ದೇನು, ಅಲ್ಲಿ ಮೋಟಾರ್ ಯಾವ್ದಿತ್ತು?

ಬೀಗ ಇಲ್ಲ, ಬಾಗಿಲು ಬರೀ ಮುಂದೆ ಮಾಡಿದೆ, ಅಪ್ಪ ಅಡುಗೆಮನೆಯ ಮೇಜಿನ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಾನೆ, ಎಡಗೈ, ಚಾಕು ಎಡಗೈ, ಎಲ್ಲ ತುಂಡೂ ಒಂದೇ ಅಳತೆ, ಎಪ್ಪತ್ತನಾಲ್ಕು ವರ್ಷಕ್ಕೂ ಕೈ ನಡುಗುವುದಿಲ್ಲ, ಈ ಕೈಯನ್ನು ನಾನು ದಿನಾ ನೋಡುತ್ತೇನೆ, ಇವತ್ತೇ ನೋಡುತ್ತಿದ್ದೇನೆ. ಏನು ಪುಟ್ಟಿ, ಇಷ್ಟು ಬೇಗ, ಹುಷಾರಿಲ್ವಾ ಅಂದ. ಈ ಮನುಷ್ಯ ಪುರಸಭೆಯ ಮೂರನೇ ಕಿಟಕಿಯ ಹಿಂದೆ ಮೂವತ್ತೊಂಬತ್ತು ವರ್ಷ ಕೂತು ನೀರಿನ ನಲ್ಲಿಯ ಅರ್ಜಿ ತೆಗೆದುಕೊಂಡವನು, ಒಂದು ಕಾಲಮ್ಮು ಖಾಲಿಯಿದ್ದರೂ ಅರ್ಜಿ ವಾಪಸ್, ಖಾಲಿ ಬಿಡಬಾರದು, ಏನೂ ಇಲ್ದಿದ್ರೆ ಅನ್ವಯಿಸುವುದಿಲ್ಲ ಅಂತ ಬರೀರಿ, ಬರೆಯಲು ಬಾರದವರಿಗೆ ತಾನೇ ಬರೆದು ಕೊಡುವನು, ಜನ ಕಾಲಂ ಸಾಹೇಬ್ರು ಅಂತ ಅಡ್ಡಹೆಸರಿಟ್ಟಿದ್ದರು, ಮನೆಯಲ್ಲೂ ಅಷ್ಟೆ, ನನ್ನ ಕೆಲಸದ ಅರ್ಜಿಯಲ್ಲಿ ಗಂಡನ ಹೆಸರು ಎಂಬಲ್ಲಿ ನಾನು ಖಾಲಿ ಬಿಟ್ಟಿದ್ದನ್ನು ನೋಡಿ ಪೆನ್ನು ಕಿತ್ತುಕೊಂಡು ಅನ್ವಯಿಸುವುದಿಲ್ಲ ಅಂತ ಬರೆದು ಕೆಳಗೆ ಗೆರೆ ಬೇರೆ ಎಳೆದ, ಅಮ್ಮ ಆವತ್ತು ನಕ್ಕು ನಕ್ಕು ಕಣ್ಣೊರೆಸಿಕೊಂಡಿದ್ದಳು. ಹುರುಳಿಕಾಯಿ ಪಕ್ಕಕ್ಕೆ ಸರಿಸಿ ಹಾಳೆ ಇಟ್ಟೆ. ಕನ್ನಡಕ ಹುಡುಕಿದ. ಹಾಕಿಕೊಂಡ. ಚಾಕು ಕೆಳಗಿಟ್ಟ.

ಸಿಕ್ಕಿಬಿಟ್ಟಿತಾ ಅಂದ. ಬೈಗುಳ ನಾಲಿಗೆ ತುದಿಗೆ ಬಂದು ನಿಂತಿತ್ತು, ಇಪ್ಪತ್ತಾರು ವರ್ಷ ಬಚ್ಚಿಟ್ಟೆಯಲ್ಲ ಅನ್ನಬೇಕೆಂದಿದ್ದೆ, ಸಿಕ್ಕಿಬಿಟ್ಟಿತಾ ಅಂದ ಆ ದನಿಗೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟೆ. ನಿಂಗೆ ಜ್ವರ ಪುಟ್ಟಿ, ನಿಮ್ಮಮ್ಮ ಅವಳಕ್ಕನ ಮನೆಗೆ ಹೋಗಿದ್ಲು, ನಾನು ರಜೆ ಹಾಕಿ ನಿನ್ನ ಪಕ್ಕ ಕೂತಿದ್ದೆ, ಮಧ್ಯಾಹ್ನ, ಮಾರನೇ ದಿನ ಅದನ್ನ ಕೊಡ್ಲೇಬೇಕಿತ್ತು, ಕೊಡದವರಿಗೆ ಫಲಿತಾಂಶ ಇಲ್ಲ ಅಂತ ಅದರ ಮೇಲೇ ಬರೆದಿತ್ತು, ಮೇಜಿನ ಮೇಲೆ ಬಿದ್ದಿತ್ತು, ನೂರಿಪ್ಪತ್ತು ಖಾಲಿ ಸಾಲು, ನಾನು ಅದನ್ನ ನೋಡ್ತಾ ಹೇಗೆ ಕೂತಿರ್ಲಿ ಹೇಳು — ಹೌದು, ಹೇಗೆ ಕೂತಿರುತ್ತಾನೆ, ಬೇರೆ ಯಾವ ಅಪ್ಪನಾದರೂ ಕೂತಿರುತ್ತಿದ್ದ, ಇವನಲ್ಲ — ಮೊದಲ್ನೇ ಪುಟ ನಿನ್ನ ಬಗ್ಗೆನೇ ಹಾಕಿದ್ದು, ಆಣೆ, ಒಂದೊಂದಕ್ಕೂ ನಿನ್ನ ಮುಖ ನೋಡಿ ಯೋಚಿಸಿ ಹಾಕಿದೆ, ಎರಡ್ನೇ ಪುಟ ತಿರುಗಿಸ್ದೆ, ನಲವತ್ತೊಂದನೇ ಪ್ರಶ್ನೆ, ನೋಡಿಲ್ಲಿ, ಕೆಟ್ಟು ನಿಂತ ಯಂತ್ರವನ್ನು ಬಿಚ್ಚಿ ನೋಡಲು ನಿಮಗೆ ಇಷ್ಟವೇ, ಕೈ ತಾನಾಗಿ ಹೌದು ಹಾಕಿಬಿಡ್ತು. ನಲವತ್ತೆರಡು, ಒಬ್ಬರೇ ಕೂತು ಸಣ್ಣ ಕೆಲಸ ಮಾಡುವುದು ಇಷ್ಟವೇ, ಹೌದು. ಅಲ್ಲಿಂದ ಮುಂದೆ ನಿನ್ನ ನೆನಪೇ ಆಗ್ಲಿಲ್ಲ. ನಂಗಾಗ ನಲವತ್ತೆಂಟು. ಹತ್ತೊಂಬತ್ತಕ್ಕೆ ದೊಡ್ಡಪ್ಪ ಕೈ ಹಿಡ್ಕೊಂಡು ಹೋಗಿ ಆ ಕಿಟಕಿ ಹಿಂದೆ ಕೂರಿಸಿದ್ರು, ಅವತ್ತಿಂದ ಸಾವಿರಾರು ಜನಕ್ಕೆ ನಾನು ಪ್ರಶ್ನೆ ಕೇಳಿದೀನಿ, ನಿಂಗೇನಿಷ್ಟ ಅಂತ ನನ್ನನ್ನ ಒಬ್ರೂ ಕೇಳಿರ್ಲಿಲ್ಲ ಪುಟ್ಟಿ, ಎಂಬತ್ತು ಪ್ರಶ್ನೆ, ಒಂದಾದ ಮೇಲೊಂದು, ನಿಮಗೆ ಇಷ್ಟವೇ, ನಿಮಗೆ ಇಷ್ಟವೇ, ಯಾರೋ ಎದುರಿಗೆ ಕೂತು ಕೇಳ್ತಿರೋ ಹಾಗಿತ್ತು. ಕೊನೇದು ಬಂತು. ಮುಂದೆ ಏನಾಗಲು ಬಯಸುತ್ತೀರಿ. ಏನು ಬರೀಲಿ. ನಲವತ್ತೆಂಟು. ಖಾಲಿ ಬಿಡೋ ಹಾಗಿಲ್ಲ.

ಯಾಕೆ ಹೇಳಲಿಲ್ಲ ಅಂದೆ, ನನ್ನ ದನಿ ಎಲ್ಲೋ ಪಕ್ಕದ ಕೋಣೆಯಿಂದ ಬಂದ ಹಾಗೆ ಬಂತು, ಹೇಳೋಣಾಂತ್ಲೇ ಇದ್ದೆ ಪುಟ್ಟಿ, ಅದೇನು ಮಹಾ ಕಾಗದ, ಯಾರು ನೋಡ್ತಾರೆ ಅಂದ್ಕೊಂಡಿದ್ದೆ, ಫಲಿತಾಂಶ ಬಂದ ದಿನ ನೀನು ಕುಣಿದ್ಯಲ್ಲ, ನಾನು ಯಂತ್ರದವಳು ಅಂತ ಮನೆಯೆಲ್ಲ ಕೂಗಿದ್ಯಲ್ಲ, ಅವತ್ತು ಸಾಯಂಕಾಲ ಮಿಕ್ಸಿ ಬಿಚ್ಚಿ ಕೂತೆ, ಅದಕ್ಕೂ ಮುಂಚೆ ಒಂದು ಸ್ಕ್ರೂ ಮುಟ್ಟಿದವಳಲ್ಲ ನೀನು, ಬಿಚ್ಚಿದೆ, ಜೋಡಿಸಿದೆ, ಅದು ಓಡ್ತು ಪುಟ್ಟಿ, ಓಡಿಬಿಡ್ತು, ಆಮೇಲೆ ಯಾವ ಬಾಯಲ್ಲಿ ಹೇಳ್ಲಿ. ಮಿಕ್ಸಿ ನೆನಪಿದೆ, ಹಸಿರು ಬಣ್ಣದ್ದು, ಕಾಗದ ಹೇಳಿದ ಮೇಲೆ ಬಿಚ್ಚಿದೆ, ಕಾಗದ ಹೇಳದಿದ್ದರೆ ಬಿಚ್ಚುತ್ತಿರಲಿಲ್ಲ, ಸಿಟ್ಟು ಬರುತ್ತಿದೆ, ಬರುತ್ತಿದೆ ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ನೆನಪು ಅಡ್ಡ ಬಂದು ನಿಂತಿತು, ಸಂಜೆಗಳು, ಇಪ್ಪತ್ತಮೂರು ವರ್ಷದ ಎಲ್ಲ ಸಂಜೆಗಳು, ನಾನು ಚಪ್ಪಲಿ ಬಿಡುವ ಮುಂಚೆಯೇ ಅಪ್ಪ, ಇವತ್ತು ಯಾವ ಮೋಟಾರು, ಎಷ್ಟು ಸುತ್ತು, ತಂತಿ ಯಾವ ದಪ್ಪ, ಯಾಕೆ ಸುಟ್ಟಿತ್ತು, ವಾರ್ನಿಶ್ ಒಣಗಿತಾ, ತಿರುಗಿತಾ, ಮೊದಲನೇ ಸಲಕ್ಕೇ ತಿರುಗಿತಾ, ಚಹಾ ಆರಿ ಹೋಗುವ ತನಕ ಕೇಳುವನು, ಅಮ್ಮ ರೇಗುವಳು, ಬಂದವಳಿಗೆ ಉಸಿರಾಡೋಕೆ ಬಿಡ್ರೀ, ಮಗಳ ಮೇಲೆ ಎಷ್ಟು ಅಕ್ಕರೆ ಅಂತ ನಾನು ಬೀಗುತ್ತಿದ್ದೆ, ಬೇರೆಯವರ ಅಪ್ಪಂದಿರು ಕೇಳುವುದಿಲ್ಲ ಅಂತ — ನನ್ನ ಮೇಲಿನ ಅಕ್ಕರೆ ಅಲ್ಲವಾ ಅದು, ಅಕ್ಕರೆಯೇ ಇರಬೇಕು, ಆದರೆ ಅದರ ಹಿಂದೆ ಈ ಮನುಷ್ಯ ಹಸಿದು ಕೂತಿದ್ದ, ನಾನು ದಿನಾ ಸಂಜೆ ತಂದು ಬಡಿಸುತ್ತಿದ್ದೆ, ನನಗೆ ಗೊತ್ತೇ ಇರಲಿಲ್ಲ. ಮತ್ತೆ ಒಂದು ದಿನಾನೂ ಅಂಗಡಿಗೆ ಬರಲಿಲ್ಲವಲ್ಲ ಅಪ್ಪ, ಎಷ್ಟು ಕರೆದೆ, ಯಜಮಾನರು ಎಷ್ಟು ಸಲ ಹೇಳಿ ಕಳಿಸಿದರು, ನಿವೃತ್ತಿ ಆದ ಮೇಲೂ ಬರಲಿಲ್ಲ, ಯಾಕೆ? ಹುರುಳಿಕಾಯಿಯ ತುಂಡೊಂದನ್ನು ಹಿಡಿದು ಉಗುರಿನಿಂದ ಸೀಳುತ್ತ ಕೂತ, ಬಂದಿದ್ರೆ ವಾಪಸ್ ಹೋಗೋಕೆ ಮನಸ್ಸಾಗ್ತಿರ್ಲಿಲ್ಲ ಅಂದ.

ಗಡಿಯಾರ ನಾಲ್ಕೂಕಾಲು, ಊಟ ಮಾಡಿಲ್ಲ ಇಬ್ಬರೂ, ಹಾಳೆ ಮಧ್ಯದಲ್ಲಿ. ಮೊದಲನೇ ಪುಟಕ್ಕೆ ತಿರುಗಿಸಿದೆ, ಸುಮ್ಮನೆ, ಕೈಗೆ ಏನಾದರೂ ಬೇಕಲ್ಲ, ಇದು ನಾನಂತೆ, ಈ ನಲವತ್ತು ಸಾಲು ನಾನು, ಕತ್ತಲೆಗೆ ಹೆದರುತ್ತೀರಾ, ಹೌದು, ಒಬ್ಬರೇ ಆಡಲು ಇಷ್ಟವೇ, ಇಲ್ಲ, ಕಥೆ ಹೇಳಲು ಇಷ್ಟವೇ, ಹೌದು, ಎಲ್ಲದರ ಬಾಲವೂ ಎಡಕ್ಕೆ, ಎಲ್ಲವೂ ನಿಜ, ಒಂದೂ ತಪ್ಪಿಲ್ಲ, ಬೆರಳಿಟ್ಟುಕೊಂಡು ಇಳಿಯುತ್ತಿದ್ದೇನೆ, ಹತ್ತೊಂಬತ್ತಕ್ಕೆ ಬೆರಳು ತಾನಾಗಿ ನಿಂತಿತು, ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಯಿತು, ಅಲ್ಲಿ ಕಾಗದ ಹಳ್ಳ ಬಿದ್ದಿದೆ. ನಾಲ್ಕು ಜನರ ಎದುರು ನಿಂತು ಹೇಳಿಕೊಡಲು ನಿಮಗೆ ಇಷ್ಟವೇ. ಹೌದು. ಒಂದರ ಮೇಲೊಂದು ಮೂರು ಸಲ ಒ‍ತ್ತಿ ಎಳೆದ ಹೌದು. ಇದು ಯಾಕೆ ಇಷ್ಟು ಒತ್ತಿದ್ದೀಯಪ್ಪಾ ಅಂದೆ. ಬಗ್ಗಿ ನೋಡಿದ, ಮುಖ ಅರಳಿತು, ನಿಜವಾಗಿ ಅರಳಿತು, ಅದಾ, ಅದಕ್ಕೆ ಯೋಚನೆ ಮಾಡೋ ಹಾಗೇ ಇರ್ಲಿಲ್ಲ, ಬಾಗಿಲ ಹತ್ರ ಮನೆಮಂದಿ ಚಪ್ಪಲಿಯೆಲ್ಲ ಸಾಲಾಗಿ ಇಟ್ಕೊಂಡು ಪಾಠ ಮಾಡ್ತಿದ್ಯಲ್ಲ, ನನ್ನ ಚಪ್ಪಲಿ ದಡ್ಡ, ಯಾವಾಗ್ಲೂ ಹಿಂದಿನ ಸಾಲು, ನಿಮ್ಮಮ್ಮಂದು ಜಾಣೆ, ನಾನು ಕಚೇರಿಗೆ ಹೊರಟ್ರೆ ಇನ್ನೂ ಪಾಠ ಮುಗಿದಿಲ್ಲ ಅಂತ ಚಪ್ಪಲಿ ಕೊಡ್ತಿರ್ಲಿಲ್ಲ, ಎಷ್ಟು ಸಲ ಬರಿಗಾಲಲ್ಲಿ ಬಾಗಿಲಲ್ಲಿ ನಿಂತು ನಿನ್ನ ಪಾಠ ಮುಗಿಯೋದನ್ನ ಕಾದಿದೀನಿ — ಗೊತ್ತಿತ್ತು. ಇವನಿಗೆ ಗೊತ್ತಿತ್ತು. ನನಗೇ ಮರೆತು ಹೋದದ್ದು ಇವನಿಗೆ ಗೊತ್ತಿತ್ತು, ಬರೆದಿಟ್ಟಿದ್ದ, ಮೂರು ಸಲ ಒತ್ತಿ ಬರೆದಿಟ್ಟಿದ್ದ, ಆಮೇಲೆ ಪುಟ ತಿರುಗಿಸಿ ಎಂಬತ್ತು ಗುರುತು ಅದರ ಮೇಲೆ ಸುರಿದುಬಿಟ್ಟ, ಅಷ್ಟರಡಿಯಲ್ಲಿ ಅದು ಸಾಧಾರಣ ಆಯಿತು.

ಫೋನು. ಐದಕ್ಕೆ ಅಂದವರು ನಾಲ್ಕೂವರೆಗೇ, ಯಜಮಾನರ ಗಡಿಯಾರ ಯಾವತ್ತೂ ಮುಂದೆ, ಮೇಜಿನ ಮೇಲೆ ಹುರುಳಿಕಾಯಿಯ ತುಂಡುಗಳ ನಡುವೆ ಗುರ್ ಗುರ್ ಅಂತ ಸರಿಯುತ್ತಿದೆ, ತಗೋ, ತಗೋ ಪುಟ್ಟಿ, ಕಾಯಿಸಬಾರದು ಅಂದ ಅಪ್ಪ, ಕಣ್ಣಲ್ಲಿ ಆ ಹೊಳಪು, ಸಂಜೆಯ ಹೊಳಪು, ಅವನಿಗೆ ಅನುಮಾನವೇ ಇಲ್ಲ, ಹತ್ತು ವರ್ಷದ ಕರಾರು, ಹತ್ತು ವರ್ಷದ ಸಂಜೆಗಳು, ಇನ್ನೆಷ್ಟು ಸಂಜೆ ಇವೆ ಇವನಿಗೆ, ಒಂದು ಹೌದು ಅಂದರೆ ಏನು ಗಂಟು ಹೋಗುತ್ತದೆ ನನ್ನದು, ಬೆರಳು ಇದೆ, ಹೆಸರು ಇದೆ, ಅಂಗಡಿಯ ಹಲಗೆಯ ಮೇಲೆ ನನ್ನ ಹೆಸರು, ಒಂದು ದಿನ ಇವನನ್ನು ಆ ಸ್ಟೂಲಿನ ಮೇಲೆ ಕೂರಿಸಿ ತಂತಿಯ ತುದಿ ಕೈಗೆ ಕೊಡಬಹುದು, ಈ ಎಡಗೈ ಸುತ್ತುವುದನ್ನು ನೋಡಬಹುದು, ಕೊಟ್ಟುಬಿಡಲಾ — ಹಲೋ, ಏನಮ್ಮಾ, ಯೋಚನೆ ಮಾಡಿದ್ಯಾ, ಸುತ್ತಿಬಳಸಿ ಬೇಡ, ಹೌದೋ ಇಲ್ವೋ, ಒಂದೇ ಮಾತು. ಎರಡೇ ಕಾಲಮ್ಮು, ಇಪ್ಪತ್ತೆರಡು ಜನ, ಯಾರೂ ಏಳುತ್ತಿಲ್ಲ, ಬಾಗಿಲ ಹತ್ತಿರ ಚಪ್ಪಲಿಗಳು ಸಾಲಾಗಿ ಕೂತಿವೆ, ಜ್ವರವಿಲ್ಲ ನನಗೆ ಇವತ್ತು, ಕಣ್ಣು ತೆರೆದಿದೆ, ಪೆನ್ಸಿಲ್ ಯಾರ ಕೈಯಲ್ಲಿದೆ — ಇಲ್ಲ ಯಜಮಾನ್ರೇ. ಯಾರು ಹೇಳಿದ್ದು. ನಾನೇ, ನನ್ನದೇ ಬಾಯಿ, ಇಲ್ಲ, ಪಂಪ್ ಅಂಗಡಿಯವರಿಗೆ ಕೊಟ್ಟುಬಿಡಿ, ನಾನು ಪಾಠ ಮಾಡೋಕೆ ಹೋಗ್ತೀನಿ ಅನ್ನುತ್ತಿದೆ ಅದು, ಆ ಕಡೆ ಯಜಮಾನರು ಉಸಿರು ಬಿಟ್ಟದ್ದು ಕೇಳಿಸಿತು, ಏನೋ ಅಂದರು, ಬೆರಳು ಅಂತ ಏನೋ, ಫೋನು ಕೆಳಗಿಟ್ಟೆ.

ಅಪ್ಪನ ಬಾಯಿ ಸ್ವಲ್ಪ ತೆರೆದಿದೆ. ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ, ಚಾಕು ತೆಗೆದುಕೊಂಡ, ಒಂದು ತುಂಡು ಹೆಚ್ಚಿದ, ಅದು ಉಳಿದವಕ್ಕಿಂತ ಉದ್ದ ಬಂತು, ನೋಡಿದ, ಹಾಗೇ ಬಿಟ್ಟ. ಒಳ್ಳೇದಾಯ್ತು ಬಿಡು ಅಂದ. ಆಮೇಲೆ, ನನ್ನನ್ನಲ್ಲ, ಹುರುಳಿಕಾಯಿಯನ್ನು ಕೇಳಿದ ಹಾಗೆ, ಇನ್ಮೇಲೆ ಸಾಯಂಕಾಲ ನಾನು ಏನು ಕೇಳ್ಲಿ ಪುಟ್ಟಿ — ಏನಾದರೂ ಹೇಳಬೇಕು, ಎಷ್ಟು ಜನ ಬಂದಿದ್ದರು ಅಂತ ಕೇಳು, ಏನು ಹೇಳಿಕೊಟ್ಟೆ ಅಂತ ಕೇಳು, ನೀನೂ ಬಾ, ಹಿಂದಿನ ಸಾಲಿನಲ್ಲಿ ಕೂರು, ಎಲ್ಲ ಮಾತೂ ಇವೆ, ಹಾಳೆ ಕೈಯಲ್ಲಿದೆ, ಮಗುಚಿದ್ದೇನೆ ಯಾವಾಗಲೋ, ಹಿಂಬದಿ, ಹೆಬ್ಬೆರಳು ಸರಿಯುತ್ತಿದೆ, ನುಣ್ಣಗೆ, ನುಣ್ಣಗೆ, ಇಲ್ಲಿ, ಹತ್ತೊಂಬತ್ತು, ಉಬ್ಬಿದೆ, ಒತ್ತಿ ಬರೆದದ್ದು ಈಚೆಗೆ ಉಬ್ಬಿ ಬಂದಿದೆ, ಚಿಕ್ಕ ಗೆರೆ, ದೊಡ್ಡ ಗೆರೆ, ಹಿಂಬದಿಯಿಂದ ಮುಟ್ಟಿದರೆ ಬಾಲ ಬಲಕ್ಕಿದೆ, ನನ್ನ ಕೈಯವರು ಹಾಕಿದ ಹಾಗೆ, ತಿರುಗಿಸಿದೆ, ಎಡಕ್ಕೆ, ಮತ್ತೆ ತಿರುಗಿಸಿದೆ, ಬಲಕ್ಕೆ, ಹೆಬ್ಬೆರಳು ಅಲ್ಲೇ ನಿಂತಿದೆ, ಹತ್ತೊಂಬತ್ತು, ಎಡಕ್ಕೆ, ಬಾಲ ಎಡಕ್ಕೆ